ಟೆರೇಸಿನ ಮೇಲೆ ಮತ್ತೆ ಮಾಡು

ಮಂಗಳೂರಿನ ಜೆಪ್ಪುವಿನಿಂದ ಮಂಗಳಾದೇವಿ ದೇವಸ್ಥಾನ ದಾಟಿ ಬೋಳಾರದ ಕಡೆಗೆ ಸುಮ್ನೆ ನಡೆದುಕೊಂಡು ಹೋಗಿ. ಹಂಚಿನ ಮನೆ, ಅದಕ್ಕೆ ತಾಗಿ ಟೆರೇಸ್ ಮನೆ, ಅದರ ಹಿಂದೆ ಫ್ಲ್ಯಾಟು. ಬೇರೆ ಬೇರೆ ಕಾಲದ ಮನೆಗಳು ಅಕ್ಕಪಕ್ಕದಲ್ಲೇ ಇವೆ. ನಾನು ಗೋಡೆಗಿಂತ ಜಾಸ್ತಿ ಮಾಡನ್ನೇ, ಅಂದರೆ ಮನೆಯ ಚಾವಣಿಯನ್ನೇ ನೋಡುತ್ತೇನೆ. ವರ್ಷಕ್ಕೆ 3,500 ಮಿಲಿಮೀಟರಿನಷ್ಟು ಮಳೆ ಸುರಿಯುವ ಊರಿದು. ಇಲ್ಲಿ ಮನೆ ಅಂದರೆ ಮೊದಲು ಮಾಡು.

ಗೋಡೆಗೂ ಮಳೆಗೂ ಹಳೇ ನಂಟಿದೆ. ಗಾರೆ ಉದುರಿದ ಕಡೆ ಮುರಕಲ್ಲು ಕಾಣುತ್ತದೆ. ಕೆಂಪು, ಜೇನುಗೂಡಿನ ಹಾಗೆ ತೂತು ತೂತು. ಲಕ್ಷಾಂತರ ವರ್ಷಗಳ ಮಳೆ ಬಂಡೆಯೊಳಗಿನ ಸಿಲಿಕಾದಂಥ ಅಂಶಗಳನ್ನು ತೊಳೆದುಕೊಂಡು ಹೋಯಿತು. ಉಳಿದ ಕಬ್ಬಿಣ, ಅಲ್ಯೂಮಿನಿಯಂ ಸೇರಿ ಈ ಕಲ್ಲಾಯಿತು. ನೆಲದಡಿ ಇರುವಾಗ ಇದು ಮೆತ್ತಗೆ, ಕೊಡಲಿಯಲ್ಲೂ ಕಡಿಯಬಹುದು. ಗಾಳಿ, ಬಿಸಿಲಿಗೆ ಒಣಗಿದ ಮೇಲೆ ಗಟ್ಟಿ. 1807ರಲ್ಲಿ ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್ ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ. ಲ್ಯಾಟಿನ್‌ನಲ್ಲಿ ಇಟ್ಟಿಗೆ ಅನ್ನುವ ಪದದಿಂದ ಬಂದ ಹೆಸರು. ನಮ್ಮಲ್ಲಿ ಜಂಬಿಟ್ಟಿಗೆ ಅನ್ನುವುದೂ ಇದನ್ನೇ!

ಇನ್ನು ಹಂಚು. ಜೆಪ್ಪುವಿನಲ್ಲಿ 1865ರಲ್ಲಿ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆಯ ಪ್ಲೆಬ್ಸ್ಟ್ ಹಂಚಿನ ಕಾರ್ಖಾನೆ ಶುರುಮಾಡಿದರು. ನದಿ ದಡದ ಜೇಡಿ ಇತ್ತು, ಸಾಗಿಸಲು ಬಂದರು ಇತ್ತು. ಹಳೇ ಹಂಚು ಸಿಕ್ಕರೆ ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಅಂಚಿನಲ್ಲಿ ಬೆರಳಗಲದ ಕಾಲುವೆ, ಇನ್ನೊಂದು ಅಂಚಿನಲ್ಲಿ ಅದರೊಳಗೆ ಕೂರುವ ಏಣು. ಹಿಂಬದಿಯಲ್ಲಿ ರೀಪಿಗೆ ಸಿಕ್ಕಿಕೊಳ್ಳುವ ಗುಬುಟು. ಸಿಮೆಂಟು ಬೇಡ. ಒಂದರೊಳಗೊಂದು ಕೂತು ಇಳಿಜಾರಿನಲ್ಲಿ ನೀರನ್ನು ಜಾರಿಸುತ್ತವೆ. ಆದರೆ ಸಂದಿನಲ್ಲಿ ಗಾಳಿ ಆಡುತ್ತದೆ. ಬಿಸಿ ಗಾಳಿ ಮೇಲೇರಿ ಹೊರಗೆ ಹೋಗುತ್ತದೆ. ಕರಾವಳಿಯ ಸೆಕೆಗೆ ಗಾಳಿಯೇ ಔಷಧಿ ಅಲ್ವಾ? ಎಷ್ಟು ಸಣ್ಣ ಏಣು, ಎಷ್ಟು ದೊಡ್ಡ ಬುದ್ಧಿ!

ಪಕ್ಕದ ಟೆರೇಸ್ ಮನೆಯ ಕಿಟಕಿ ಮೇಲಿನ ಸನ್‌ಶೇಡ್ ನೋಡಿ. ಅಡಿಭಾಗದಲ್ಲಿ ನೇರ ಗೆರೆಯಂಥ ಬಿರುಕು. ಒಂದು ಕಡೆ ಕಾಂಕ್ರೀಟು ಚಕ್ಕೆ ಎದ್ದು ಬಿದ್ದಿದೆ, ಒಳಗಿನ ಕಂಬಿ ಕಂದು ಬಣ್ಣಕ್ಕೆ ತಿರುಗಿ ಪದರ ಪದರವಾಗಿದೆ. ಇದು ಸಮುದ್ರದ ಉಪ್ಪಿನ ಕೆಲಸ. ಕಾಂಕ್ರೀಟಿನೊಳಗೆ ಕ್ಷಾರ ಜಾಸ್ತಿ. ಅದರಿಂದಾಗಿ ಕಂಬಿಯ ಮೇಲೆ ತೆಳ್ಳನೆಯ ಕಾವಲು ಪೊರೆ ಕಟ್ಟಿಕೊಳ್ಳುತ್ತದೆ. ಗಾಳಿಯಲ್ಲಿ ಬಂದ ಉಪ್ಪಿನ ಕ್ಲೋರೈಡ್ ನೀರಿನ ಜೊತೆ ಒಳಗಿಳಿದು ಆ ಪೊರೆ ಒಡೆಯುತ್ತದೆ. ಆಮೇಲೆ ತುಕ್ಕು. ತುಕ್ಕಿಗೆ ಮೂಲ ಕಬ್ಬಿಣದ 2ರಿಂದ 6 ಪಟ್ಟು ಜಾಗ ಬೇಕು. ಜಾಗ ಎಲ್ಲಿದೆ? ಕಾಂಕ್ರೀಟನ್ನೇ ಸೀಳುತ್ತದೆ. ಬಿರುಕಿನಲ್ಲಿ ಇನ್ನಷ್ಟು ನೀರು, ಇನ್ನಷ್ಟು ತುಕ್ಕು. ಹಂಚಿನಲ್ಲಿ ಕಂಬಿಯೇ ಇಲ್ಲ, ಹಾಗಾಗಿ ಅದಕ್ಕೆ ಈ ಕಾಟವೂ ಇಲ್ಲ.

ಸೆಕೆಯದ್ದೂ ಇದೇ ಕಥೆ. ಸ್ಲ್ಯಾಬು ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಅದನ್ನು ಕೋಣೆಯೊಳಕ್ಕೆ ಬಿಡುತ್ತದೆ. ಬಯಲುಸೀಮೆಯಲ್ಲಾದರೆ ರಾತ್ರಿ ತಂಪಾಗುತ್ತದೆ, ಹೇಗೋ ನಡೆಯುತ್ತದೆ. ಇಲ್ಲಿ ಏಪ್ರಿಲ್ ರಾತ್ರಿಯೂ ಬೆವರು.

ಈಗ ತಲೆ ಎತ್ತಿ ನೋಡಿ. ಎಷ್ಟೋ ಟೆರೇಸಿನ ಮೇಲೆ ತಗಡು ಶೀಟಿನ ಮಾಡು ಬಂದಿದೆ, ಹಂಚಿನ ಮನೆಯ ಹಾಗೇ ಇಳಿಜಾರು. ಕೆಲವಕ್ಕೆ ಹಂಚಿನ ಬಣ್ಣ ಕೂಡ. ಸ್ಲ್ಯಾಬ್ ಸೋರುವುದು ನಿಂತಿತು, ನೇರ ಬಿಸಿಲೂ ತಪ್ಪಿತು. ಮಳೆಗಾಲದಲ್ಲಿ ಬಟ್ಟೆ ಒಣಗಿಸಲೂ ಜಾಗವಾಯಿತು. ಜನ ಸೋತು ಮಾಡಿದ್ದಲ್ಲ ಇದು, ಊರಿನ ಮಳೆಯನ್ನು ಸರಿಯಾಗಿ ಓದಿ ಮಾಡಿದ್ದು ಅಂತ ನನಗನಿಸುತ್ತದೆ.

ಶೀಟಿಗೂ ತುಕ್ಕು ತಡೆಯಲು ಸತುವಿನ ಲೇಪವಿದೆ. ಆದರೆ ಸ್ಕ್ರೂ ಕೊರೆದ ತೂತಿನಲ್ಲಿ, ಕತ್ತರಿಸಿದ ಅಂಚಿನಲ್ಲಿ ಅದು ಸೀಳಿರುತ್ತದೆ. ಕೆಲವು ಮಳೆಗಾಲ ಕಳೆದ ಶೀಟನ್ನು ಹತ್ತಿರದಿಂದ ನೋಡಿದರೆ, ಸ್ಕ್ರೂಗಳ ಸುತ್ತ ಆಗಲೇ ಕಾಸಿನಗಲದ ಕೆಂಪು ಕಲೆ.