ಒನಕೆ ಮೂಲೆ ಸೇರುತ್ತಿದ್ದ ಕಾಲದಲ್ಲಿ ಹುಟ್ಟಿದ ವಸ್ತುಸಂಗ್ರಹಾಲಯ

ಮೈಸೂರು ವಿಶ್ವವಿದ್ಯಾನಿಲಯದ ಆವರಣವಾದ ಮಾನಸಗಂಗೋತ್ರಿಯಲ್ಲಿರುವ ಜಾನಪದ ವಸ್ತುಸಂಗ್ರಹಾಲಯ ಆರಂಭವಾದದ್ದು 1968ರಲ್ಲಿ. ಆ ಇಸವಿಗೆ ಅರ್ಥವಿದೆ. ಹತ್ತು ವರ್ಷ ಮೊದಲೇ ಸಂಗ್ರಹಕ್ಕೆ ಹೊರಟಿದ್ದರೆ ಕೊಳಗ, ಬಳ್ಳಗಳನ್ನು ಯಾವ ಮನೆಯವರೂ ಬಿಟ್ಟುಕೊಡುತ್ತಿರಲಿಲ್ಲ, ಕಣದಲ್ಲಿ ರಾಗಿ ಅಳೆಯಲು ಅವು ಬೇಕಿದ್ದವು. ಇಪ್ಪತ್ತು ವರ್ಷ ತಡವಾಗಿದ್ದರೆ ಹೆಚ್ಚಿನವು ಒಲೆಗೋ ಗುಜರಿಗೋ ಹೋಗಿರುತ್ತಿದ್ದವು.

1956ರ ಕಾಯ್ದೆ ದೇಶಕ್ಕೆಲ್ಲ ಮೆಟ್ರಿಕ್ ಅಳತೆಯನ್ನು ತಂದಿತು. 1960ರ ದಶಕದ ಆರಂಭದ ಹೊತ್ತಿಗೆ ವ್ಯಾಪಾರದಲ್ಲಿ ಕಿಲೋ, ಲೀಟರ್ ಕಡ್ಡಾಯವಾದವು. ಅದುವರೆಗೆ ಒಂದು ಸೀಮೆಯ ಸೇರಿಗೂ ಇನ್ನೊಂದು ಸೀಮೆಯ ಸೇರಿಗೂ ಹೊಂದಿಕೆಯಿರಲಿಲ್ಲ. ಆ ವ್ಯತ್ಯಾಸದಲ್ಲೇ ಸಂತೆಯ, ಗೇಣಿಯ, ದೇವಸ್ಥಾನದ ಕಾಣಿಕೆಯ ಲೆಕ್ಕಾಚಾರಗಳಿದ್ದವು. ಅದೇ ಕಾಲಕ್ಕೆ ಊರೂರಿಗೆ ಅಕ್ಕಿ ಗಿರಣಿ ಬಂದು ಒನಕೆ ಮೂಲೆ ಸೇರಿತು. ವಿದ್ಯುತ್ ಪಂಪು ಬಂದ ಕಡೆ ನೀರೆತ್ತುವ ಏತ, ಕಪಿಲೆಗಳು ಬಾವಿಯಿಂದ ಮೇಲೆದ್ದವು. ಈ ಬದಲಾವಣೆ ಬೇಡವಾಗಿತ್ತು ಎನ್ನುವವನು ನಾನಲ್ಲ. ನಸುಕಿನಲ್ಲೆದ್ದು ಭತ್ತ ಕುಟ್ಟುತ್ತಿದ್ದ ಹೆಂಗಸರ ತೋಳಿಗೆ ಗಿರಣಿ ದೊಡ್ಡ ಬಿಡುಗಡೆ ಕೊಟ್ಟಿತು. ಆದರೆ ಆ ದುಡಿಮೆಯ ಗುರುತು ಉಳಿಯಬೇಕಿತ್ತು.

ಅರಮನೆಯ ಖಡ್ಗ, ಕಿರೀಟಗಳನ್ನು ಕಾಯುವವರು ಯಾವಾಗಲೂ ಇದ್ದರು. ಬುಟ್ಟಿ, ನೇಗಿಲು, ಸೌಟುಗಳಿಗೆ ಅಂಥವರಿರಲಿಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಅಧ್ಯಯನ ಸಂಸ್ಥೆಯನ್ನು ಕಟ್ಟಿ ಬೆಳೆಸಿದ ದೇ. ಜವರೇಗೌಡರು ಜಾನಪದವೂ ಪಾಂಡಿತ್ಯಕ್ಕೆ ಯೋಗ್ಯ ವಿಷಯವೆಂದು ನಂಬಿದ್ದರು. ಜೀ.ಶಂ. ಪರಮಶಿವಯ್ಯನವರು ಹಾಡು, ಕಥೆಗಳ ಬೆನ್ನು ಹತ್ತಿದರೆ, ಚಿತ್ರದುರ್ಗ ಜಿಲ್ಲೆಯ ಹರ್ತಿಕೋಟೆಯ ಕಲಾವಿದ ಪಿ.ಆರ್. ತಿಪ್ಪೇಸ್ವಾಮಿ ಹಳ್ಳಿಗಳನ್ನು ಸುತ್ತಿ ವಸ್ತುಗಳನ್ನು ಕೂಡಿಸಿದರು. ಈ ಕೆಲಸ ಚಿತ್ರಕಾರನ ಕೈಗೆ ಬಿದ್ದದ್ದು ನಮ್ಮ ಪುಣ್ಯ. ತೊಗಲುಗೊಂಬೆಯ ಬಣ್ಣ, ಸೋಮನ ಕುಣಿತದ ಮುಖವಾಡದ ಕೆತ್ತನೆ, ಯಕ್ಷಗಾನದ ವೇಷಭೂಷಣಗಳ ಬೆಲೆಯನ್ನು ಅಂಥ ಕಣ್ಣು ಬೇಗ ಅರಿಯುತ್ತದೆ. ಸಂಗ್ರಹ ಬೆಳೆದು 6,500ಕ್ಕೂ ಹೆಚ್ಚು ವಸ್ತುಗಳಾದವು.

ಅವುಗಳಿಗೆ ನೆಲೆಯಾದದ್ದು ಜಯಲಕ್ಷ್ಮೀವಿಲಾಸ ಅರಮನೆ. ಚಾಮರಾಜ ಒಡೆಯರ ಹಿರಿಯ ಮಗಳು ಜಯಲಕ್ಷ್ಮಮ್ಮಣ್ಣಿಯವರಿಗಾಗಿ 1905ರಲ್ಲಿ ಕಟ್ಟಿದ ಸೌಧವಿದು. ರಾಜಕುಮಾರಿಯ ಮನೆಯಲ್ಲಿ ರೈತರ, ಕುಂಬಾರರ, ಗೊಂಬೆಯಾಟದವರ ವಸ್ತುಗಳು ಸ್ಥಾನ ಪಡೆದದ್ದು ನನಗೆ ಬಹಳ ಪ್ರಿಯವಾದ ಸಂಗತಿ. ತೊಡಕು ಹುಟ್ಟಿದ್ದೂ ಅಲ್ಲಿಯೇ. ಹಳೆಯ ಮಾಳಿಗೆ ಸೋರಿದರೆ ಕಟ್ಟಡದ ಜೊತೆ ಒಳಗಿರುವುದೂ ಕೆಡುತ್ತದೆ. 2000ದ ದಶಕದ ಆರಂಭದಲ್ಲಿ ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ ಸೌಧದ ಜೀರ್ಣೋದ್ಧಾರವಾಯಿತು. ಮುಂದೆ ಅದು ಮತ್ತೆ ಶಿಥಿಲಗೊಂಡಿತು.

ತೊಗಲುಗೊಂಬೆ ಪ್ರಾಣಿಯ ಚರ್ಮ. ತೇವವಾದರೆ ಬೂಷ್ಟು ಹಿಡಿಯುತ್ತದೆ, ಒಣಗಿದರೆ ಸುರುಟಿ ಬಿರಿಯುತ್ತದೆ, ಬಿಸಿಲು ಬಿದ್ದರೆ ಬಣ್ಣ ಮಾಸುತ್ತದೆ. ಮರಕ್ಕೆ ಗೆದ್ದಲು, ಬಟ್ಟೆಗೆ ನುಸಿ, ಕಬ್ಬಿಣಕ್ಕೆ ತುಕ್ಕು. ಒಂದೊಂದಕ್ಕೂ ಆರೈಕೆ ಬೇರೆ. ಇದರಷ್ಟೇ ಮುಖ್ಯವಾದದ್ದು ದಾಖಲೆ: ಯಾವ ಊರಿನದು, ಯಾರು ಮಾಡಿದರು, ಹೇಗೆ ಬಳಸುತ್ತಿದ್ದರು. ಕೊಳಗವೊಂದರ ಜೊತೆ ಅದರ ಊರಿನ ಹೆಸರು ಅಳಿಸಿಹೋದರೆ ಅದು ಎಷ್ಟು ಸೇರಿನ ಕೊಳಗವೆಂದು ಹೇಳುವ ದಾರಿಯೂ ಮುಚ್ಚುತ್ತದೆ.

ದಾನಿಗಳು ಕಟ್ಟಡ ರಿಪೇರಿಗೆ ಹಣ ಕೊಡುತ್ತಾರೆ, ಅದನ್ನು ಉದ್ಘಾಟಿಸಬಹುದು. ಸೂರು ಸೋರುವುದನ್ನು ಪ್ರತಿ ಮಳೆಗಾಲಕ್ಕೆ ಮುನ್ನ ನೋಡುವ ಕೆಲಸಕ್ಕೆ, ಹುಳು ಹಿಡಿದ ಮುಖವಾಡಕ್ಕೆ ಮದ್ದು ಹಾಕುವ ತರಬೇತಿ ಪಡೆದ ಕೈಗೆ, ವಹಿಗಳನ್ನು ಕಂಪ್ಯೂಟರಿಗೆ ಏರಿಸುವ ಸಿಬ್ಬಂದಿಗೆ ವರ್ಷ ವರ್ಷವೂ ಸಂಬಳ ಬೇಕು. ವಿಶ್ವವಿದ್ಯಾನಿಲಯದ ಆಯವ್ಯಯದಲ್ಲಿ ಮೊದಲು ಸೇರಬೇಕಾದದ್ದು ಈ ಸಂಬಳ.