ಹಾಡು ನಿಂತಾಗ ಗಡಿಯಾರ ನೋಡಿ

ಪೂರ್ತಿ ಸತ್ತುಹೋದ ಕಾರ್ ಸ್ಟೀರಿಯೋ ರಿಪೇರಿಗೆ ಬಂದರೆ ನನಗೆ ನೆಮ್ಮದಿ. ತೊಂದರೆ ಕಣ್ಣೆದುರೇ ಇರುತ್ತದೆ. ಆಗಾಗ ಆಫ್ ಆಗಿ, ತಾನಾಗಿಯೇ ಆನ್ ಆಗುವ ಸೆಟ್ ಹಾಗಲ್ಲ. ದಾರಿಯುದ್ದಕ್ಕೂ ಸತಾಯಿಸಿ, ನನ್ನ ಮುಂದೆ ಬಂದ ತಕ್ಷಣ ಏನೂ ಆಗದವರ ಹಾಗೆ ಹಾಡುತ್ತದೆ.

ಇಂಥ ಗಾಡಿ ಬಂದರೆ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ. 'ಮತ್ತೆ ಆನ್ ಆದಾಗ ಸೆಟ್‌ನ ಗಡಿಯಾರ ಸರಿ ಇರುತ್ತದಾ, ಸಾರ್?' ಹೆಚ್ಚಿನವರು ಅದನ್ನು ಗಮನಿಸಿಯೇ ಇರುವುದಿಲ್ಲ. ಆದರೆ ಅರ್ಧ ಕೆಲಸ ಮುಗಿಯುವುದು ಆ ಉತ್ತರದಲ್ಲೇ.

ಸೆಟ್‌ನ ಹಿಂದೆ ಪವರ್ ಬರುವ ವೈರ್ ಎರಡು. ಹಳದಿ ವೈರ್‌ಗೆ ಬ್ಯಾಟರಿಯಿಂದ ಸದಾ ಕರೆಂಟ್ ಇರುತ್ತದೆ. ಗಡಿಯಾರ, ಸೇವ್ ಮಾಡಿದ ಸ್ಟೇಷನ್, ಬಾಸ್ ಸೆಟ್ಟಿಂಗ್ ಎಲ್ಲ ಉಳಿಯುವುದು ಅದರಿಂದ. ಕೆಂಪು ವೈರ್‌ಗೆ ಕೀ ತಿರುಗಿಸಿದರೆ ಮಾತ್ರ ಕರೆಂಟ್. ಕಪ್ಪು ವೈರ್ ಅರ್ಥ್, ಅಂದರೆ ಕರೆಂಟ್ ಬ್ಯಾಟರಿಗೆ ವಾಪಸ್ ಹೋಗುವ ದಾರಿ. ಸೆಟ್ ಆಫ್ ಆಗಿ ಬಂದರೂ ಎಲ್ಲ ನೆನಪಿದ್ದರೆ ಕೆಂಪು ವೈರ್, ಅದರ ಫ್ಯೂಸ್, ಕೀ ಸ್ವಿಚ್ ಕಡೆ ಹೋಗಿ. ಎಲ್ಲ ಅಳಿಸಿಹೋಗಿದ್ದರೆ ಹಳದಿ ಅಥವಾ ಕಪ್ಪು. ಒಂದು ಎಚ್ಚರ: ಕೆಲವು ಕಾರುಗಳ ಕಂಪನಿ ಕನೆಕ್ಟರ್‌ನಲ್ಲಿ ಕೆಂಪು, ಹಳದಿ ಅದಲುಬದಲಾಗಿರುತ್ತವೆ. ಬಣ್ಣ ನಂಬಬೇಡಿ. ಕೀ ತೆಗೆದು ಯಾವುದರಲ್ಲಿ ಕರೆಂಟ್ ಉಳಿದಿದೆ ನೋಡಿ.

ಇನ್ನು ಮೀಟರ್ ವಿಷಯ. ಕಲಿತವರೂ ಎಡವುವುದು ಇಲ್ಲೇ. ಸೆಟ್ ಬಿಚ್ಚಿ ಕನೆಕ್ಟರ್‌ಗೆ ಮಲ್ಟಿಮೀಟರ್ ಹಿಡಿಯುತ್ತಾರೆ. 12.6 ವೋಲ್ಟ್ ಬರುತ್ತದೆ. 'ವೈರಿಂಗ್ ಓಕೆ, ಸೆಟ್ ಹೋಗಿದೆ' ಅನ್ನುತ್ತಾರೆ. ಆದರೆ ಮೀಟರ್ ಎಳೆಯುವ ಕರೆಂಟ್ ಎಷ್ಟು? ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ವೈರ್‌ನ ಒಂದೇ ಒಂದು ಎಳೆ ಅಂಟಿಕೊಂಡಿದ್ದರೂ ಅದು 12.6 ತೋರಿಸುತ್ತದೆ. ಸೆಟ್ ಜೋರಾಗಿ ಹಾಡುವಾಗ 5 ಆಂಪ್ ಎಳೆಯಿತು ಅಂದುಕೊಳ್ಳಿ. ಕೆಟ್ಟ ಜಾಯಿಂಟ್‌ನಲ್ಲಿ ಅರ್ಧ ಓಮ್ ತಡೆ ಇದ್ದರೆ ಅಲ್ಲೇ 2.5 ವೋಲ್ಟ್ ಹೋಯಿತು. ಸೆಟ್‌ಗೆ ಸಿಕ್ಕಿದ್ದು 10 ಚಿಲ್ಲರೆ. ಬಹಳಷ್ಟು ಸೆಟ್‌ಗಳು ಅಷ್ಟಕ್ಕೇ ಕಣ್ಣು ಮುಚ್ಚುತ್ತವೆ. ಬಾಸ್ ಬಿದ್ದಾಗಲೆಲ್ಲ ಆಫ್ ಆಗುತ್ತದೆ ಅಂದರೆ ಮೊದಲು ಇದನ್ನೇ ಅನುಮಾನಿಸಿ.

ಅದಕ್ಕೇ ಹಾಡು ಹಾಕಿಕೊಂಡೇ ಅಳೆಯಬೇಕು. ಮೀಟರ್‌ನ ಒಂದು ಕಡ್ಡಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಸೆಟ್‌ನ ಕಪ್ಪು ವೈರ್‌ಗೆ. 0.1, 0.2 ವೋಲ್ಟ್ ಬಂದರೆ ಪರವಾಗಿಲ್ಲ. ಅರ್ಧ ವೋಲ್ಟ್ ದಾಟಿದರೆ ಅರ್ಥ್ ಕೆಟ್ಟಿದೆ.

ಒಂದು ಕಾರಿನಲ್ಲಿ ಹಂಪ್ ಹತ್ತಿದಾಗ ಮಾತ್ರ ಹಾಡು ನಿಲ್ಲುತ್ತಿತ್ತು. ಮಾಲೀಕರು ಸೆಟ್ಟನ್ನೇ ಬದಲಾಯಿಸಿದ್ದರು, ಕಥೆ ಅದೇ. ನಾನು ಕಪ್ಪು ವೈರ್ ಹಿಡಿದು ಕೈಯಾಡಿಸುತ್ತಾ ಹೋದೆ. ಒಂದು ಕಡೆ ಟೇಪ್ ಜಾರಿತು. ಬಿಸಿಲಿಗೆ ಅದರ ಅಂಟು ಕರಗಿ ಕೈಗೆ ಮೆತ್ತಿಕೊಂಡಿತು. ಒಳಗೆ ಸುಮ್ನೆ ಹೊಸೆದು ಬಿಟ್ಟ ಎರಡು ವೈರ್, ತಾಮ್ರ ಕಪ್ಪಗಾಗಿತ್ತು. ಬೆರಳಲ್ಲಿ ತಟ್ಟಿದೆ, ಹಾಡು ನಿಂತಿತು. ಮತ್ತೆ ತಟ್ಟಿದೆ, ಬಂತು. ಕೊಳೆತ ಭಾಗ ಕತ್ತರಿಸಿ, ಬೆಸುಗೆ ಹಾಕಿ, ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಹೀಟ್ ಶ್ರಿಂಕ್ ಕೊಳವೆ ತೊಡಿಸಿದೆ. ಜೋಡಿಸಿದ್ದು ಯಾರೋ, ಟೇಪ್ ಮಾತ್ರ ಧಾರಾಳವಾಗಿ ಸುತ್ತಿದ್ದರು!

ಫ್ಯೂಸ್‌ನ್ನು ಕಣ್ಣಲ್ಲಿ ನೋಡಿ ಬಿಡಬೇಡಿ. ಕೂದಲೆಳೆ ಬಿರುಕು ಕಾಣುವುದಿಲ್ಲ. ಫ್ಯೂಸ್ ಹಿಡಿಯುವ ಕ್ಲಿಪ್ ಸಡಿಲಾದರೂ ಇದೇ ಗೋಳು. ಹಾಕುವಾಗ ಬಿಗಿಯಾಗಿ ಕೂರಬೇಕು. 10 ಆಂಪ್ ಜಾಗಕ್ಕೆ 20 ಹಾಕಿದವರನ್ನು ನೋಡಿದ್ದೇನೆ. ಹಾಗೆ ಮಾಡಿದರೆ ಫ್ಯೂಸ್ ಉಳಿದು ವೈರ್ ಸುಡುತ್ತದೆ. ಡ್ಯಾಶ್‌ಬೋರ್ಡ್ ಒಳಗೆ ಹಳದಿ ಕನೆಕ್ಟರ್ ಕಂಡರೆ ಕೈ ಹಾಕಬೇಡಿ, ಸಾಮಾನ್ಯವಾಗಿ ಅದು ಏರ್‌ಬ್ಯಾಗ್‌ದು.

ಇಷ್ಟಾದರೂ ಸಿಗದಿದ್ದರೆ ನಾನು ಕಾರಿಗೆ ಹಾಕುವ 12 ವೋಲ್ಟ್‌ನ ಎರಡು 5 ವಾಟ್ ಬಲ್ಬ್ ಕಟ್ಟುತ್ತೇನೆ. ಕನೆಕ್ಟರ್ ಹತ್ತಿರವೇ ಒಂದನ್ನು ಹಳದಿ ಮತ್ತು ಕಪ್ಪು ವೈರ್‌ಗೆ, ಇನ್ನೊಂದನ್ನು ಕೆಂಪು ಮತ್ತು ಕಪ್ಪು ವೈರ್‌ಗೆ. ಎರಡನ್ನೂ ಕಣ್ಣಿಗೆ ಕಾಣುವ ಹಾಗೆ ಡ್ಯಾಶ್‌ಬೋರ್ಡ್ ಮೇಲಿಟ್ಟು, ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು ಒಂದು ಸುತ್ತು ಹೋಗಿ ಬರುವುದು. ಹಾಡು ನಿಂತಾಗ ಒಂದೇ ಬಲ್ಬ್ ಆರಿದರೆ ಅದರ ವೈರ್. ಎರಡೂ ಆರಿದರೆ ಹೆಚ್ಚಾಗಿ ಕಪ್ಪು. ಎರಡೂ ಚೆನ್ನಾಗಿ ಉರಿಯುತ್ತಿದ್ದರೆ ಪವರ್ ಬರುತ್ತಿದೆ. ಆಗ ಕಾರಿನ ಲೋಹದ ಮೈಗೆ ತಾಗುತ್ತಿರುವ ಸ್ಪೀಕರ್ ವೈರ್ ಇದೆಯಾ ನೋಡಿ. ಅದೂ ಇಲ್ಲದಿದ್ದರೆ ಸೆಟ್ಟನ್ನೇ ಬಿಚ್ಚಿ. ಮನೆಗೆ ಬಂದ ಮೇಲೆ ಹಳದಿ ವೈರ್‌ನ ಬಲ್ಬ್ ತೆಗೆಯಲು ಮರೆಯಬೇಡಿ. ಕೀ ತೆಗೆದರೂ ಅದು ಉರಿಯುತ್ತಲೇ ಇರುತ್ತದೆ.