ಗೇಟು ಹಾಕಿದ್ದು ಯಾರಿಗೂ ಗೊತ್ತಾಗಲಿಲ್ಲ

ಗಂಗಾವತಿಯಲ್ಲಿ ಕೇಬಲ್ ಇಂಟರ್‌ನೆಟ್ ನಡೆಸುವ ಪರಿಚಯದವರೊಬ್ಬರು ಬೇಸಿಗೆಯ ಒಂದು ರಾತ್ರಿ ಫೋನ್ ಮಾಡಿದರು. "ಸರ, ಮತ್ತ ನಿಂತು ಮತ್ತ ಬಂತ್ರಿ. ಮ್ಯಾಚ್ ಇದ್ದ ದಿನಾನ ಹಿಂಗಾಗ್ತೈತಿ. ಮಂದಿ ಬಾಯಿಗೆ ಬಂದಂಗ ಬೈಯಾಕತ್ಯಾರ."

ಹಗಲು ಏನೂ ತೊಂದರೆ ಇಲ್ಲ. ರಾತ್ರಿ ಎಂಟೂವರೆಯಿಂದ ಹನ್ನೊಂದರ ಒಳಗೆ ಮೂರು ನಾಲ್ಕು ಸಲ ಎಲ್ಲರ ನೆಟ್ ಒಟ್ಟಿಗೇ ನಿಲ್ಲುತ್ತದೆ. ಹತ್ತು ಸೆಕೆಂಡಿಗೆ ತಾನೇ ಬರುತ್ತದೆ. ಸಿನಿಮಾ ನೋಡುವವರಿಗೆ ಇದು ಅಷ್ಟಾಗಿ ಗೊತ್ತಾಗುವುದಿಲ್ಲ, ಬಫರ್ ಇರುತ್ತದೆ. ಆಟ ಆಡುವ ಹುಡುಗರಿಗೆ ಮಾತ್ರ ಹತ್ತು ಸೆಕೆಂಡು ಅಂದರೆ ಸತ್ತಂತೆಯೇ.

ನನ್ನನ್ನು ಕರೆಯುವ ಹೊತ್ತಿಗೆ ಅವರು ಕೇಬಲ್ ಬದಲಿಸಿದ್ದರು. ರೂಟರ್‌ನಿಂದ ಊರಿಗೆ ನೆಟ್ ಹಂಚುವ ಸ್ವಿಚ್ ಬದಲಿಸಿದ್ದರು. ಅದೂ ಸರಿ ಇಲ್ಲ ಅಂತ ಇನ್ನೊಂದು ಸ್ವಿಚ್ ತಂದಿದ್ದರು. ಅವರದೇನೂ ತಪ್ಪಿಲ್ಲ. ಸ್ವಿಚ್‌ನ ಲಾಗ್ ತೆಗೆದರೆ, ನೆಟ್ ನಿಂತಾಗಲೆಲ್ಲ ರೂಟರ್ ಕಡೆಯ ಪೋರ್ಟ್ ಬಿದ್ದು ಎದ್ದಿದೆ, ಅಂದರೆ ಸಂಪರ್ಕ ಕಡಿದು ಮತ್ತೆ ಬಂದಿದೆ ಎಂದು ಸ್ಪಷ್ಟವಾಗಿ ಬರೆದಿತ್ತು. ಅದನ್ನು ನೋಡಿದ ಯಾರೇ ಆದರೂ ಮೊದಲು ಕೇಬಲ್ ಕಡೆಗೇ ಕೈ ಹಾಕುತ್ತಾರೆ.

ಕೇಬಲ್ ಜಾಲ ನಡೆಸುವ ಕಷ್ಟ ನನಗೆ ಗೊತ್ತಿಲ್ಲ, ನಾನು ಲಿನಕ್ಸ್ ಡ್ರೈವರ್ ಕೆಲಸದವನು, ಅಂದರೆ ಕಂಪ್ಯೂಟರಿನ ಕಾರ್ಡುಗಳನ್ನು ಓಡಿಸುವ ಕೋಡ್ ಬರೆಯುವವನು. ಆದರೆ ಅವರ ರೂಟರ್ ಅಂದರೆ ಒಂದು ಚಿಕ್ಕ ಲಿನಕ್ಸ್ ಪೆಟ್ಟಿಗೆ. ಎರಡು ಗಿಗಾಬಿಟ್ ಪೋರ್ಟ್, ಪ್ರೊಸೆಸರ್‌ನಲ್ಲಿ ಒಟ್ಟಿಗೇ ಓಡುವ ನಾಲ್ಕು ಕೋರ್. ಒಂದು ಪೋರ್ಟ್ ಹೊರಗಿನ ಇಂಟರ್‌ನೆಟ್ ಕಡೆ, ಇನ್ನೊಂದು ಊರ ಕಡೆ. ಬಿದ್ದೇಳುತ್ತಿದ್ದದ್ದು ಊರ ಕಡೆಯದು.

ಲಾಗ್ ಸಿಕ್ಕಾಗ ನಾನು ಮೊದಲು ನೋಡುವುದು ಗಡಿಯಾರ. ಇಲ್ಲಿ ರೂಟರ್‌ಗೂ ಸ್ವಿಚ್‌ಗೂ ಮೂರು ನಿಮಿಷದ ವ್ಯತ್ಯಾಸವಿತ್ತು. ಹಾಗಿದ್ದರೆ ಯಾವುದು ಮೊದಲು, ಯಾವುದು ಆಮೇಲೆ ಅಂತ ಹೇಳುವುದು ಹೇಗೆ? ಎರಡಕ್ಕೂ ನೆಟ್ ಮೂಲಕ ಗಡಿಯಾರ ಹೊಂದಿಸುವ ಎನ್‌ಟಿಪಿ ಹಾಕಿ ಸಮಯ ಸರಿ ಮಾಡಿದೆ. ಪೋರ್ಟಿನಿಂದ ಎಷ್ಟು ಪ್ಯಾಕೆಟ್ (ಮಾಹಿತಿಯ ಚಿಕ್ಕ ತುಂಡು) ಹೋದವು, ಎಷ್ಟು ಬಂದವು ಎಂದು ಸೆಕೆಂಡಿಗೆ ಐದು ಸಲ ಬರೆದಿಡುವ ನಾಲ್ಕು ಸಾಲಿನ ಸ್ಕ್ರಿಪ್ಟ್ ಬಿಟ್ಟು ಮನೆಗೆ ಬಂದೆ.

ಮರುದಿನದ ಫೈಲ್ ಹೀಗಿತ್ತು. ರಾತ್ರಿ 9 ಗಂಟೆ 14 ನಿಮಿಷ 7ನೇ ಸೆಕೆಂಡಿಗೆ, ಹೋಗುವ ಪ್ಯಾಕೆಟ್ಟಿನ ಲೆಕ್ಕ ನಿಂತಿತು. ಬರುವ ಲೆಕ್ಕ ಮಾತ್ರ ಏರುತ್ತಲೇ ಇತ್ತು. 14ನೇ ಸೆಕೆಂಡಿಗೆ ಪೋರ್ಟ್ ಬಿತ್ತು. 17ಕ್ಕೆ ಎದ್ದಿತು. ಲೆಕ್ಕ ಮತ್ತೆ ಓಡಿತು.

ನಡುವಿನ ಆ ಏಳು ಸೆಕೆಂಡಿನಲ್ಲಿ ಕೇಬಲ್ ಚೆನ್ನಾಗೇ ಇತ್ತು, ಇಲ್ಲದಿದ್ದರೆ ಪ್ಯಾಕೆಟ್ ಬರುತ್ತಿರಲಿಲ್ಲ, ಅಲ್ವಾ? ಅಂದರೆ ಪೋರ್ಟ್ ಬಿದ್ದು ನೆಟ್ ನಿಂತದ್ದಲ್ಲ, ನೆಟ್ ನಿಂತ ಮೇಲೆ ಯಾರೋ ಪೋರ್ಟನ್ನು ಬೀಳಿಸಿದ್ದಾರೆ. ಬೀಳಿಸಿದ್ದು ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿ ನಿಗಾ ಇಡುವ ವಾಚ್‌ಡಾಗ್. ಡ್ರೈವರ್ ತನ್ನ ಕಳಿಸುವ ಕ್ಯೂ (ಹೊರಡಬೇಕಾದ ಪ್ಯಾಕೆಟ್‌ಗಳ ಸಾಲು) ನಿಲ್ಲಿಸಿ 5 ಸೆಕೆಂಡು ಕಳೆದರೂ ಏನೂ ಹೊರಗೆ ಹೋಗದಿದ್ದರೆ, ಇದು ಡ್ರೈವರ್‌ಗೆ "ನಿನ್ನ ನೆಟ್‌ವರ್ಕ್ ಕಾರ್ಡ್ ರೀಸೆಟ್ ಮಾಡು" ಎನ್ನುತ್ತದೆ. ಹಳೆಯ ಕರ್ನಲ್‌ಗಳಲ್ಲಿ ಅದು ನೋಡುವುದೇ ಐದು ಸೆಕೆಂಡಿಗೊಮ್ಮೆ, ಹಾಗಾಗಿ ಕೆಲವು ಸಲ ಹತ್ತರ ಹತ್ತಿರಕ್ಕೂ ಹೋಗುತ್ತದೆ. ರೀಸೆಟ್ ಆದಾಗ ಲಿಂಕ್ ಬೀಳುತ್ತದೆ. ಗಿಗಾಬಿಟ್ ಪೋರ್ಟ್ ಎದುರಿನವರ ಜೊತೆ ಮತ್ತೆ ಮಾತುಕತೆ ಮುಗಿಸಲು ಎರಡು ಮೂರು ಸೆಕೆಂಡು ಬೇಕು. ಸ್ವಿಚ್ ಬರೆದುಕೊಂಡದ್ದು ಇದನ್ನೇ.

ಹಾಗಾದರೆ ರೂಟರ್‌ನ ಲಾಗ್‌ನಲ್ಲಿ ವಾಚ್‌ಡಾಗ್ ಯಾಕೆ ಕಾಣಲಿಲ್ಲ? ಕಂಡಿತ್ತು, ಒಂದೇ ಒಂದು ಸಲ, ನಲವತ್ತು ದಿನದ ಹಿಂದೆ. ಹಳೆಯ ಕರ್ನಲ್‌ಗಳಲ್ಲಿ ಈ ಎಚ್ಚರಿಕೆ ಬೂಟ್ ಆದಮೇಲೆ ಮೊದಲ ಸಲ ಮಾತ್ರ ಬರುತ್ತದೆ, ಆಮೇಲೆ ಸುಮ್ನೆ ರೀಸೆಟ್ ಆಗುತ್ತಿರುತ್ತದೆ. ಇದು ಗೊತ್ತಿಲ್ಲದೆ ಎಷ್ಟೋ ಜನ "ಒಂದೇ ಸಲ ಆಗಿದ್ದು ಬಿಡಿ" ಅಂತ ಮುಂದೆ ಹೋಗುತ್ತಾರೆ. ನಾನೂ ಹಿಂದೊಮ್ಮೆ ಹೋಗಿದ್ದೇನೆ. ಕರ್ನಲ್ ತನ್ನ ಲೆಕ್ಕಗಳನ್ನು ತೋರಿಸುವ ಸಿಸ್‌ಎಫ್‌ಎಸ್ ಒಳಗೆ ಪ್ರತಿ ಕ್ಯೂಗೂ ಟೈಮ್‌ಔಟ್ ಎಣಿಸುವ ಚಿಕ್ಕ ಫೈಲ್ ಇರುತ್ತದೆ. ತೆಗೆದು ನೋಡಿದರೆ 87.

ಇನ್ನು ಉಳಿದದ್ದು ಡ್ರೈವರ್. ಆ ಕಾರ್ಡಿಗೆ ಪೆಟ್ಟಿಗೆ ಮಾಡಿದವರೇ ತಿದ್ದಿದ ಡ್ರೈವರ್ ಹಾಕಿದ್ದರು. ಪುಣ್ಯಕ್ಕೆ ಸೋರ್ಸ್ ಕೋಡ್ ಕೊಟ್ಟಿದ್ದರು.

ಅವರ ಆಫೀಸಿನ ಎದುರಿಗೇ ಒಂದು ರೈಸ್ ಮಿಲ್ಲು. ಎರಡನೇ ಬೆಳೆಯ ಭತ್ತ ಬರುವ ಕಾಲ, ರಸ್ತೆ ತುಂಬ ಲಾರಿ ಸಾಲು. ಅವರಿಗೆ ನಾನು ವಿವರಿಸಿದ್ದೂ ಆ ಮಿಲ್ಲನ್ನೇ ತೋರಿಸಿ.

ಡ್ರೈವರ್ ಮತ್ತು ಕಾರ್ಡಿನ ನಡುವೆ, ಹೊರಡುವ ಪ್ಯಾಕೆಟ್‌ಗಳನ್ನು ಇಡುವ ಒಂದು ರಿಂಗ್ ಇರುತ್ತದೆ. ಅದು ಮಿಲ್ಲಿನ ಅಂಗಳ ಇದ್ದಂತೆ. ಇಲ್ಲಿ 256 ಪ್ಯಾಕೆಟ್‌ಗೆ ಜಾಗ. ತುಂಬಿದರೆ ಗೇಟಿನ ವಾಚ್‌ಮನ್ ಗೇಟು ಹಾಕಬೇಕು. ಒಳಗೆ ಖಾಲಿ ಮಾಡಿಸುವ ಮೇಸ್ತ್ರಿ ಬೇರೆ. ಡ್ರೈವರ್‌ನಲ್ಲಿ ಪ್ಯಾಕೆಟ್ ಕಳಿಸುವ ಕೋಡ್ ವಾಚ್‌ಮನ್, ಹೋದದ್ದರ ಲೆಕ್ಕ ಮುಗಿಸುವ ಕೋಡ್ ಮೇಸ್ತ್ರಿ, ಗೇಟು ಅಂದರೆ ಕ್ಯೂ. ಲಾರಿಗಳನ್ನು ಹೊರಗೆ ಕಳಿಸಿ ಲೆಕ್ಕ ಬರೆದಮೇಲೆ ಅವನು ಗೇಟಿನ ಕಡೆ ಕಣ್ಣು ಹಾಯಿಸುತ್ತಾನೆ. ಹಾಕಿದ್ದರೆ ತೆಗೆಸುತ್ತಾನೆ. ತೆಗೆದೇ ಇದ್ದರೆ ಅವನಿಗೇನು ಕೆಲಸ?

ಈಗ ನೋಡಿ. ವಾಚ್‌ಮನ್ ಲೆಕ್ಕದ ಪುಸ್ತಕ ನೋಡಿದ, ಅಂಗಳ ತುಂಬಿದೆ. ಗೇಟು ಹಾಕಲು ತಿರುಗಿದ. ಅದೇ ಹೊತ್ತಿಗೆ ಮೇಸ್ತ್ರಿ ಎಲ್ಲ ಲಾರಿಗಳ ಲೆಕ್ಕ ಒಮ್ಮೆಲೇ ಚುಕ್ತಾ ಮಾಡಿ ಗೇಟಿನ ಕಡೆ ನೋಡಿದ. ಗೇಟು ಇನ್ನೂ ತೆಗೆದೇ ಇದೆ. ಸರಿ ಅಂತ ಚಹಾಕ್ಕೆ ಹೋದ. ಆಮೇಲೆ ವಾಚ್‌ಮನ್ ಗೇಟು ಹಾಕಿದ. ಅಂಗಳ ಖಾಲಿ, ಗೇಟು ಬಂದ್, ಹೊರಗೆ ಲಾರಿಗಳ ಹಾರ್ನ್. ಒಳಗೆ ಒಂದು ಲಾರಿಯಾದರೂ ಉಳಿದಿದ್ದರೆ ಅದನ್ನು ಕಳಿಸುವಾಗ ಮೇಸ್ತ್ರಿ ಮತ್ತೆ ನೋಡುತ್ತಿದ್ದ. ಏನೂ ಇಲ್ಲ, ಹಾಗಾಗಿ ಅವನನ್ನು ಕರೆಯುವವರೂ ಇಲ್ಲ.

"ನಮ್ಮ ಡ್ಯಾಮಿನ 19ನೇ ಗೇಟಿನಂಗ ಏನ್ರಿ ಸರ?" ಅಂದರು ಅವರು. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟಿನ ಆ ಗೇಟು ಕಿತ್ತುಹೋದಮೇಲೆ ನಮ್ಮ ಕಡೆ ಗೇಟು ಅಂದರೆ ಅದೇ ನೆನಪು. ಅದರ ಉಲ್ಟಾ ಅಂದೆ. ಸ್ವಲ್ಪ ಹೊತ್ತು ಲಾರಿಗಳನ್ನೇ ನೋಡಿ ಅವರು ಹೇಳಿದರು: "ಹಂಗಾದ್ರ ವಾಚ್‌ಮನ್ ಗೇಟ್ ಹಾಕಿದ ಮ್ಯಾಲ ಒಮ್ಮೆ ತಿರುಗಿ ನೋಡಬೇಕಲ್ರಿ."

ಮಾಡಬೇಕಾದ ತಿದ್ದುಪಡಿ ಅದೇ. ಕ್ಯೂ ನಿಲ್ಲಿಸಿದ ಮೇಲೆ ರಿಂಗ್‌ನಲ್ಲಿ ಜಾಗ ಇದೆಯಾ ಅಂತ ಇನ್ನೊಮ್ಮೆ ನೋಡಬೇಕು, ಇದ್ದರೆ ತಾನೇ ತೆರೆಯಬೇಕು. ಆ ಡ್ರೈವರ್‌ನಲ್ಲಿ ಎರಡನೇ ನೋಟ ಇರಲಿಲ್ಲ.

ಆದರೆ ಊಹೆ ಸರಿ ಅನ್ನಿಸಿದರೆ ಸಾಲದು, ಬೇಕೆಂದಾಗ ಬೀಳಿಸಿ ತೋರಿಸಬೇಕು. ಮನೆಯಲ್ಲಿ ಅದೇ ಪೆಟ್ಟಿಗೆ ಇಟ್ಟು ಐಪರ್ಫ್ ಎಂಬ ಪರೀಕ್ಷೆಯ ಪ್ರೋಗ್ರಾಂನಿಂದ ದೊಡ್ಡ ಪ್ಯಾಕೆಟ್‌ಗಳನ್ನು ಹೊಡೆದೆ. ಇಡೀ ರಾತ್ರಿ ಪೋರ್ಟ್ ಒಂದು ಸಲವೂ ಬೀಳಲಿಲ್ಲ. ಲೆಕ್ಕ ಹಾಕಿದರೆ ಯಾಕೆ ಅಂತ ಗೊತ್ತಾಗುತ್ತದೆ. ಗಿಗಾಬಿಟ್‌ನಲ್ಲಿ ದೊಡ್ಡ ಪ್ಯಾಕೆಟ್ ಸೆಕೆಂಡಿಗೆ ಸುಮಾರು 81 ಸಾವಿರ, 64 ಬೈಟಿನದಾದರೆ 14.88 ಲಕ್ಷ. 256ರ ರಿಂಗ್ ಮೊದಲನೆಯದಕ್ಕೆ 3 ಮಿಲಿಸೆಕೆಂಡಿನ ಸಾಮಾನು, ಎರಡನೆಯದಕ್ಕೆ 172 ಮೈಕ್ರೊಸೆಕೆಂಡಿನದು. ಮೇಸ್ತ್ರಿ ಚೂರು ತಡ ಮಾಡಿದರೂ ತುಂಬಿಬಿಡುತ್ತದೆ. ಆಟದವರ ಪ್ಯಾಕೆಟ್ಟುಗಳೂ ಫೋನ್ ಕರೆಗಳ ಪ್ಯಾಕೆಟ್ಟುಗಳೂ ಚಿಕ್ಕವೇ. ಕಾರ್ಡಿನವರು ಇಂಟರಪ್ಟ್ (ಕಾರ್ಡ್ ಪ್ರೊಸೆಸರ್‌ಗೆ ಹಾಕುವ ಕೂಗು) ಕಡಿಮೆ ಮಾಡಲು ಹತ್ತಾರು ಪ್ಯಾಕೆಟ್‌ಗೆ ಒಂದೇ ಇಂಟರಪ್ಟ್ ಕೊಡುತ್ತಾರೆ, ಅದರಿಂದ ಲೆಕ್ಕ ಒಮ್ಮೆಲೇ ಚುಕ್ತಾ ಆಗುವುದೂ ಜಾಸ್ತಿ.

ಹಾಗಾಗಿ ಪ್ಯಾಕೆಟ್ ಚಿಕ್ಕದು ಮಾಡಿದೆ, ಎಥ್‌ಟೂಲ್ ಎಂಬ ಕಮಾಂಡ್‌ನಲ್ಲಿ ರಿಂಗನ್ನು 256ರಿಂದ 64ಕ್ಕೆ ಇಳಿಸಿದೆ. ಹನ್ನೊಂದು ನಿಮಿಷಕ್ಕೆ ಬಿತ್ತು! ನೆಟ್ ನಿಲ್ಲುತ್ತಿದೆ ಅಂದರೆ ಹೆಚ್ಚಿನವರು ರಿಂಗ್ ದೊಡ್ಡದು ಮಾಡುತ್ತಾರೆ. ಬೀಳುವುದು ಅಪರೂಪವಾಗುತ್ತದೆ, ಹುಡುಕುವುದೂ ಕಷ್ಟವಾಗುತ್ತದೆ. ಡ್ರೈವರ್ ಒಳಗೆ ಪ್ರಿಂಟ್ ಸಾಲು ಹಾಕುವುದೂ ಹಾಗೇ. ಹಾಕಿದ ಕೂಡಲೇ ದೋಷ ಮಾಯ, ಯಾಕೆಂದರೆ ಪ್ರಿಂಟ್ ನಿಧಾನ, ಇಬ್ಬರ ಹೆಜ್ಜೆಯೂ ತಪ್ಪಿಹೋಗುತ್ತದೆ. ಕರ್ನಲ್‌ನಲ್ಲೇ ಇರುವ ಎಫ್‌ಟ್ರೇಸ್‌ನಂಥ ಹಗುರ ದಾಖಲೆಯೇ ಇಲ್ಲಿ ಗತಿ.

ಇನ್ನೊಂದು ಪರೀಕ್ಷೆ ನನಗೆ ಇದಕ್ಕಿಂತ ಇಷ್ಟ. ವಾಚ್‌ಮನ್ನೂ ಮೇಸ್ತ್ರಿಯೂ ಬೇರೆ ಬೇರೆ ಕೋರ್‌ಗಳಲ್ಲಿ ಓಡಿದರೆ ಮಾತ್ರ ಈ ಎಡವಟ್ಟು. ಒಂದೇ ಕೋರ್ ಆದರೆ ಒಬ್ಬನ ಕೆಲಸದ ನಡುವೆ ಇನ್ನೊಬ್ಬ ಬರುವಂತಿಲ್ಲ, ಕರ್ನಲ್ ಬಿಡುವುದಿಲ್ಲ. ಎರಡೂ ಪೋರ್ಟಿನ ಇಂಟರಪ್ಟ್‌ಗಳನ್ನು ಒಂದೇ ಕೋರ್‌ಗೆ ಕಟ್ಟಿದೆ. ಇಡೀ ದಿನ ಹೊಡೆದರೂ ಬೀಳಲಿಲ್ಲ. ಬಿಡಿಸಿದೆ, ಬಿತ್ತು. ಅವರ ರೂಟರ್‌ಗೂ ಅಂದು ಸಂಜೆ ಇದನ್ನೇ ತಾತ್ಕಾಲಿಕವಾಗಿ ಹಾಕಿದೆ. ಮ್ಯಾಚ್ ಹೊತ್ತಿಗೆ ಆ ಒಂದು ಕೋರ್ ಏದುಸಿರು ಬಿಡುತ್ತಿತ್ತು, ಆದರೂ ಬೈಗುಳ ನಿಂತಿತು.

ತಿದ್ದಿದ್ದು ಏಳೆಂಟು ಸಾಲು. ಎರಡನೇ ನೋಟ ಸುಲಭ. ಜನ ಮರೆಯುವುದು ಮೆಮೊರಿ ಬ್ಯಾರಿಯರ್, ಅಂದರೆ ಓದು ಬರಹದ ಕ್ರಮ ತಪ್ಪದಂತೆ ಪ್ರೊಸೆಸರ್‌ಗೆ ಕೊಡುವ ಆಜ್ಞೆ. ಮೇಸ್ತ್ರಿ ಲೆಕ್ಕ ಬರೆದು ಆಮೇಲೆ ಗೇಟು ನೋಡುತ್ತಾನೆ ಎಂದು ನಾವು ಕೋಡ್‌ನಲ್ಲಿ ಬರೆದಿರುತ್ತೇವೆ. ಪ್ರೊಸೆಸರ್ ಆ ಓದನ್ನು ಮೊದಲು ಮುಗಿಸಿ, ಬರೆದದ್ದನ್ನು ಬೇರೆ ಕೋರ್‌ಗಳಿಗೆ ಆಮೇಲೆ ತೋರಿಸಬಹುದು. ಇಂಟೆಲ್, ಎಎಂಡಿಯವರ ಎಕ್ಸ್86 ಪ್ರೊಸೆಸರ್‌ಗಳಲ್ಲಿ ಇಂಥದ್ದೆಲ್ಲ ಆಗಲ್ಲ ಅಂತ ನಂಬಿದವರಿದ್ದಾರೆ. ಬರೆದ ನಂತರದ ಓದು ಹಿಂದೆ ಮುಂದೆ ಆಗುವುದು ಎಕ್ಸ್86ನಲ್ಲೂ ಉಂಟು. ಬ್ಯಾರಿಯರ್ ಇಲ್ಲದೆ ಎರಡನೇ ನೋಟ ಹಾಕಿದರೆ ದೋಷ ಹೋಗುವುದಿಲ್ಲ, ವಾರಕ್ಕೊಮ್ಮೆ ಬರುವುದು ತಿಂಗಳಿಗೊಮ್ಮೆ ಬರುತ್ತದೆ, ಅಷ್ಟೇ. 2023ರ 6.4 ಕರ್ನಲ್‌ನಿಂದ ಇದನ್ನೆಲ್ಲ ಸರಿಯಾಗಿ ಮಾಡುವ ಸಿದ್ಧ ಮ್ಯಾಕ್ರೋಗಳೇ (ಕೋಡ್ ತುಣುಕುಗಳೇ) ಇವೆ. ಹೊಸ ಡ್ರೈವರ್ ಬರೆಯುವವರು ಅವನ್ನೇ ಬಳಸಿ, ಸ್ವಂತ ಜಾಣತನ ಬೇಡ.

ತಿದ್ದುವಾಗ ಒಂದು ಕೌಂಟರ್ ಕೂಡ ಸೇರಿಸಿದ್ದೆ. ಎರಡನೇ ನೋಟದಿಂದ ಕ್ಯೂ ತೆರೆದಾಗಲೆಲ್ಲ ಅದು ಒಂದು ಏರುತ್ತದೆ. ಹೊಸ ಡ್ರೈವರ್ ಹಾಕಿ, ಇಂಟರಪ್ಟ್ ಕಟ್ಟಿದ್ದು ಬಿಚ್ಚಿ, ಒಂದು ವಾರ ಬಿಟ್ಟು ಹೋದೆ. ಟೈಮ್‌ಔಟ್ ಸೊನ್ನೆ. ನನ್ನ ಕೌಂಟರ್ 23.

ಅವರಿಗೆ ತೋರಿಸಿದೆ. ಸಂಖ್ಯೆ ನೋಡಿ ತಲೆ ಆಡಿಸಿದರು. ಆಮೇಲೆ ಮೂಲೆಯಲ್ಲಿದ್ದ ಡಬ್ಬಗಳ ಕಡೆ ಕೈ ತೋರಿಸಿ, "ಆ ಎರಡು ಸ್ವಿಚ್ ವಾಪಸ್ ತಗೋತಾರೇನ್ರಿ?" ಅಂದರು.